ಅಳತೆ ಮೊದಲು, ಚಿತ್ರ ಆಮೇಲೆ: ಕನ್ನಡ ಗ್ರಾಫ್ ಲೈಬ್ರರಿಯೊಂದರ ಕೋಡ್ ಮರುಜೋಡಣೆ

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ಅಭ್ಯಾಸ ಹಲವರಿಗಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕಾಸರಗೋಡು ಜಿಲ್ಲೆಯಲ್ಲಿ ಅಡಿಕೆಗೆ ಮದ್ದು ಬಿಡುವುದೂ ಕೊಯ್ಲೂ ಒಣಗಿಸುವುದೂ ಮಳೆ ನೋಡಿಕೊಂಡೇ ನಡೆಯಬೇಕು. ಈ ಲೆಕ್ಕವನ್ನೂ ಅಡಿಕೆಯ ಧಾರಣೆಯನ್ನೂ ಕನ್ನಡ ಹೆಸರುಗಳ ಸಮೇತ ಗ್ರಾಫ್ ಮಾಡಿಕೊಡುವ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯ ಕೋಡನ್ನು ಬಿಚ್ಚಿ ಮರಳಿ ಜೋಡಿಸಿದ ಪ್ರಕರಣ ಇದು. ಲೈಬ್ರರಿ ಪೈಥಾನ್‌ನಲ್ಲಿದೆ, ಗ್ರಾಫ್ ಬಿಡಿಸುವ ಇನ್ನೊಂದು ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನ 3.8 ಆವೃತ್ತಿಯ ಮೇಲೆ ನಿಂತಿದೆ. ಕೆಲಸ ಸಣ್ಣದಾದರೂ ಭಾರತೀಯ ಲಿಪಿಯಲ್ಲಿ ಗ್ರಾಫ್ ಬರೆಯುವ ಯಾವ ಕೋಡಿಗೂ ಇದೇ ತೊಡಕುಗಳು ಎದುರಾಗುತ್ತವೆ. ಅದಕ್ಕಾಗಿ ವಿವರವಾಗಿ ಬರೆದಿಡುವುದು ಅಗತ್ಯ.

ಕೆಲಸಕ್ಕೆ ನೆಪವಾದದ್ದು ಒಂದು ಬೇಡಿಕೆ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಸರಕಾರಿ ಕಾಗದಪತ್ರದಲ್ಲಿ ಊರಿನ ಹೆಸರು ಮಲಯಾಳದಲ್ಲಿರುತ್ತದೆ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಅದೇ ಹೆಸರು ಕನ್ನಡದಲ್ಲಿ. ಎರಡೂ ಕಡೆ ತೂಗುಹಾಕಬಹುದಾದ ಒಂದೇ ಗ್ರಾಫ್ ಬೇಕು, ಪ್ರತಿ ಊರಿನ ಕೆಳಗೆ ಎರಡು ಲಿಪಿಯೂ ಇರಬೇಕು ಎಂದು ಬಳಕೆದಾರರು ಕೇಳಿದರು. ಎರಡನೆಯ ಸಾಲೊಂದನ್ನು ಸೇರಿಸುವುದಷ್ಟೇ ಎಂದು ಕಾಣುವ ಕೆಲಸ. ಆದರೆ ಸೇರಿಸಿದಾಗ ಹೆಸರುಗಳು ಒಂದರ ಮೇಲೊಂದು ಬಿದ್ದವು. ಅದನ್ನು ಸರಿಮಾಡಿದಾಗ ಪಿಡಿಎಫ್ ಕೆಟ್ಟಿತು, ಪಿಡಿಎಫ್ ಸರಿಮಾಡಿದಾಗ ಅಡಿಕೆ ಧಾರಣೆಯ ಗ್ರಾಫಿನಲ್ಲಿ ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಸೂಚಿಪಟ್ಟಿ ಚೌಕಟ್ಟಿನಿಂದ ಹೊರಗೆ ಹೋಯಿತು. ಹೀಗೆ ಒಂದನ್ನು ಮುಟ್ಟಿದರೆ ಮೂರು ಅಲುಗಾಡುವ ಕೋಡಿಗೆ ತೇಪೆ ಹಾಕುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಕೋಡ್ ಇದ್ದ ಸ್ಥಿತಿ

ಎಲ್ಲವೂ ಒಂದೇ ಫೈಲಿನಲ್ಲಿತ್ತು. ಮುಖ್ಯ ಫಂಕ್ಷನ್ ಒಂದೇ, ಅದಕ್ಕೆ ಕೊಡಬಹುದಾದ ಆಪ್ಷನ್‌ಗಳು ಮಾತ್ರ ಹಲವು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಫೈಲ್ ಓದುವುದು, ಖಾಲಿ ಬಿಟ್ಟ ದಿನಗಳನ್ನು ತುಂಬುವುದು, ಬಣ್ಣ ಆರಿಸುವುದು, ಹೆಸರಿಗೆ ಜಾಗ ಲೆಕ್ಕ ಹಾಕುವುದು, ಗೆರೆ ಎಳೆಯುವುದು, ಫೈಲ್ ಉಳಿಸುವುದು ಎಲ್ಲವೂ ಆ ಫಂಕ್ಷನ್ನಿನ ಹೊಟ್ಟೆಯೊಳಗೆ.

ಉದ್ದದ ಫೈಲ್ ಎಂಬುದೇ ತೊಂದರೆಯಲ್ಲ. ಸಾವಿರ ಸಾಲಿನ ಫೈಲನ್ನು ಹತ್ತು ಫೈಲಾಗಿ ಕತ್ತರಿಸಿದರೆ ಗೋಜಲು ಹತ್ತು ಕಡೆಗೆ ಹರಡುತ್ತದೆ, ಕಡಿಮೆಯಾಗುವುದಿಲ್ಲ. ಯಾವ ನಿರ್ಧಾರವನ್ನು ಯಾವ ಹಂತದಲ್ಲಿ ತೆಗೆದುಕೊಳ್ಳುತ್ತಿದೆ ಎಂದು ನೋಡಬೇಕು. ಇಲ್ಲಿ ಮೂರು ನಿರ್ಧಾರಗಳು ತಪ್ಪಾದ ಜಾಗದಲ್ಲಿ ಕೂತಿದ್ದವು.

ಮೊದಲನೆಯದು ಅಂಕಿಅಂಶದ ನಿಯಮ. ಮಳೆಯ ಓದು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ವರೆಗಿನ ಲೆಕ್ಕ. ಓದದೇ ಬಿಟ್ಟ ದಿನ ಬೇರೆ, ಮಳೆ ಬಾರದ ದಿನ ಬೇರೆ. ಹಳೆಯ ಕೋಡ್ ಗೆರೆ ಎಳೆಯುವ ಹೊತ್ತಿಗೆ ಖಾಲಿ ಕೋಣೆಗೆಲ್ಲ ಸೊನ್ನೆ ತುಂಬುತ್ತಿತ್ತು. ಹಾಗಾಗಿ ಮಳೆಗಾಲದ ಆಟಿ ತಿಂಗಳಲ್ಲಿ ಮನೆಯವರು ಊರಲ್ಲಿಲ್ಲದ ನಾಲ್ಕು ದಿನ ಗ್ರಾಫಿನಲ್ಲಿ ಒಣ ದಿನಗಳಾಗಿ ಕಾಣುತ್ತಿದ್ದವು. ಅಡಿಕೆಯಲ್ಲೂ ಇಂಥದೇ ಒಂದು ಗುಟ್ಟಿನ ನಿಯಮವಿತ್ತು: ದರ ಒಂದು ಸಾವಿರಕ್ಕಿಂತ ಹೆಚ್ಚಿದ್ದರೆ ಅದು ಕ್ವಿಂಟಾಲ್ ದರ ಎಂದು ತಿಳಿದು ನೂರರಿಂದ ಭಾಗಿಸುವುದು. ಇಂಥ ಊಹೆ ಗೆರೆ ಎಳೆಯುವ ಫಂಕ್ಷನ್ನಿನಲ್ಲಿ ಎಂದಿಗೂ ಇರಕೂಡದು. ಕಿಲೋವೋ ಕ್ವಿಂಟಾಲೋ ಎಂಬುದನ್ನು ಡೇಟಾ ಕೊಡುವವರೇ ಹೇಳಬೇಕು, ಹೇಳದಿದ್ದರೆ ಕೋಡ್ ಅಲ್ಲಿಯೇ ನಿಲ್ಲಬೇಕು.

ಎರಡನೆಯದು ಎಲ್ಲರಿಗೂ ಸೇರಿದ ಸ್ಥಿತಿಯನ್ನು ಬದಲಾಯಿಸುವುದು. ಜಾನ್ ಹಂಟರ್ 2003ರಲ್ಲಿ ಹೊರತಂದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎರಡು ದಾರಿಗಳಿವೆ. ಒಂದು ಪೈಪ್ಲಾಟ್: ಮ್ಯಾಟ್‌ಲ್ಯಾಬ್‌ನ ರೀತಿಯಲ್ಲಿ ‘ಈಗಿನ ಚಿತ್ರ’ ಒಂದನ್ನು ನೆನಪಿಟ್ಟುಕೊಂಡು ಅದರ ಮೇಲೆ ಬರೆಯುತ್ತದೆ. ಇನ್ನೊಂದು ಫಿಗರ್, ಆಕ್ಸಿಸ್ ಎಂಬ ವಸ್ತುಗಳನ್ನು ನೇರ ಹಿಡಿದು ಬರೆಯುವುದು. ಕೂತು ಕೈಯಾರೆ ಗ್ರಾಫ್ ಮಾಡುವವರಿಗೆ ಪೈಪ್ಲಾಟ್ ಅನುಕೂಲ, ಲೈಬ್ರರಿಯೊಳಗೆ ಅದನ್ನು ಬಳಸಬಾರದು. ತೆರೆದ ಚಿತ್ರಗಳನ್ನು ಮುಚ್ಚುವ ತನಕ ಅದು ಕೈಬಿಡುವುದಿಲ್ಲ, 20 ದಾಟಿದ ಮೇಲೆ ಎಚ್ಚರಿಕೆ ಕೊಡುತ್ತದೆ. ನೂರು ಮನೆಗಳ ಮಳೆ ಗ್ರಾಫನ್ನು ಒಂದೇ ಸಲ ಮಾಡಿಸಿದರೆ ಮೆಮೊರಿ ಏರುತ್ತಲೇ ಹೋಗುತ್ತದೆ. ಸಾಲದ್ದಕ್ಕೆ ಹಳೆಯ ಕೋಡ್ ಇಂಪೋರ್ಟ್ ಮಾಡಿದ ಕ್ಷಣವೇ ಎಲ್ಲ ಗ್ರಾಫಿಗೂ ಅನ್ವಯವಾಗುವ ಸೆಟ್ಟಿಂಗ್ ಪಟ್ಟಿಯಾದ ಆರ್‌ಸಿಪ್ಯಾರಮ್ಸ್‌ನಲ್ಲಿ ಫಾಂಟು, ಬಣ್ಣ, ಅಳತೆ ಬದಲಾಯಿಸಿಬಿಡುತ್ತಿತ್ತು. ಬಳಕೆದಾರರು ಅದೇ ನೋಟ್‌ಬುಕ್‌ನಲ್ಲಿ ಮಾಡಿದ ಬೇರೆ ಗ್ರಾಫುಗಳ ರೂಪವೂ ಕಾರಣ ತಿಳಿಯದೆ ಬದಲಾಗುತ್ತಿತ್ತು.

ಮೂರನೆಯದು ಅಕ್ಷರದ ಅಗಲ. ಉಳಿದ ಕಗ್ಗಂಟೆಲ್ಲ ಇದರಿಂದ ಹುಟ್ಟಿದ್ದು.

ಅಕ್ಷರ ಒಡೆಯುವ ಜಾಗ

ಮುಳ್ಳೇರಿಯ ಎಂಬ ಹೆಸರನ್ನು ತೆಗೆದುಕೊಳ್ಳಿ. ಕಾಗದದ ಮೇಲೆ ನಾಲ್ಕು ಅಕ್ಷರ: ಮು, ಳ್ಳೇ, ರಿ, ಯ. ಯುನಿಕೋಡಿನಲ್ಲಿ ಒಂಬತ್ತು ಸಂಕೇತ: ಮ, ಕೊಂಬು, ಳ, ಹಲಂತ, ಳ, ದೀರ್ಘದ ಏತ್ವ, ರ, ಗುಡಿಸು, ಯ. ಹಳೆಯ ಕೋಡ್ ಹೆಸರಿನ ಅಗಲವನ್ನು ‘ಸಂಕೇತಗಳ ಸಂಖ್ಯೆ ಗುಣಿಸು ಫಾಂಟಿನ ಗಾತ್ರ ಗುಣಿಸು 0.6’ ಎಂದು ಲೆಕ್ಕ ಹಾಕುತ್ತಿತ್ತು. ಇಂಗ್ಲಿಷ್ ಹೆಸರಿಗೆ ಈ ಅಂದಾಜು ಹೇಗೋ ನಡೆದೀತು. ಮುಳ್ಳೇರಿಯಕ್ಕೆ ಅದು ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಡುತ್ತದೆ. ಕುಂಬಳೆಗೆ ಬಿಡುವ ಜಾಗ ಬೇರೆ ಪ್ರಮಾಣದಲ್ಲಿ ತಪ್ಪುತ್ತದೆ, ಯಾಕೆಂದರೆ ಅಲ್ಲಿ ಆರು ಸಂಕೇತಕ್ಕೆ ಮೂರು ಅಕ್ಷರ. ಸ್ವಾತಂತ್ರ್ಯ ಎಂದು ಬರೆದರೆ ಹನ್ನೊಂದು ಸಂಕೇತ, ಅಕ್ಷರ ಮೂರೇ. ಇದಕ್ಕೆಲ್ಲ ಒಂದೇ ಗುಣಕ ಸಿಗುವುದು ಸಾಧ್ಯವಿಲ್ಲ. ಕೋಡಿನಲ್ಲಿ 0.6 ಒಂದು ಕಡೆ, 0.55 ಇನ್ನೊಂದು ಕಡೆ, 0.48 ಮತ್ತೊಂದು ಕಡೆ ಇದ್ದದ್ದು ಇದೇ ಕಾರಣಕ್ಕೆ. ಪ್ರತಿಯೊಂದೂ ಯಾವುದೋ ಒಂದು ಗ್ರಾಫನ್ನು ಸರಿಮಾಡಲು ಹಾಕಿದ ಸಂಖ್ಯೆ.

ಅಗಲದ ಜೊತೆ ಆಳವೂ ಇದೆ. ಒತ್ತಕ್ಷರ ಗೆರೆಯ ಕೆಳಗಿಳಿಯುತ್ತದೆ, ತ್ರ್ಯದಂಥ ಎರಡು ಒತ್ತು ಬಂದಲ್ಲಿ ಜಾಗ ಇನ್ನೂ ಹೆಚ್ಚು ಬೇಕು. ಮ್ಯಾಟ್‌ಪ್ಲಾಟ್‌ಲಿಬ್ ಒಂದು ಸಾಲಿನ ಕನಿಷ್ಠ ಎತ್ತರವನ್ನು ಇಂಗ್ಲಿಷಿನ ಎಲ್ ಮತ್ತು ಪಿ ಎಂಬ ಎರಡು ಸಣ್ಣಕ್ಷರಗಳನ್ನು ಅಳೆದು ನಿರ್ಧರಿಸುತ್ತದೆ. ಸಾಲಿನ ನಿಜವಾದ ಆಳ ಅದಕ್ಕಿಂತ ಹೆಚ್ಚಿದೆ ಎಂದು ಅಳತೆ ಹೇಳಿದರೆ ಆ ಹೆಚ್ಚಿನದನ್ನೇ ಒಪ್ಪಿಕೊಳ್ಳುತ್ತದೆ. ಅಂದರೆ ಅಳತೆ ಸರಿಯಾಗಿ ಬಂದರೆ ಜೋಡಣೆ ತಾನಾಗಿಯೇ ಸರಿಯಾಗುತ್ತದೆ, ಅಲ್ಲಿ ಬೇರೆ ತೇಪೆ ಬೇಕಿಲ್ಲ.

ಆದರೆ 3.8ರಲ್ಲಿ ಅಳತೆಯೇ ಸರಿ ಬರುವುದಿಲ್ಲ. ಅದು ಫಾಂಟ್ ಫೈಲನ್ನು ಓದುವ ಫ್ರೀಟೈಪ್ ಲೈಬ್ರರಿಯಿಂದ ಒಂದೊಂದು ಸಂಕೇತಕ್ಕೆ ಒಂದೊಂದು ಆಕೃತಿ ತಂದು ಸಾಲಾಗಿ ಇಡುತ್ತದೆ. ಹಲಂತದ ಮುಂದಿನ ವ್ಯಂಜನ ಒತ್ತಾಗಬೇಕು, ಗುಡಿಸು ವ್ಯಂಜನದೊಂದಿಗೆ ಬೆಸೆಯಬೇಕು, ಪೆರ್ಲದ ರ್ ಎಂಬುದು ಲದ ಹಿಂದಿನಿಂದ ಮುಂದಕ್ಕೆ ದಾಟಿ ಅರ್ಕಾವೊತ್ತಾಗಿ ಕೂರಬೇಕು. ಈ ನಿಯಮಗಳೆಲ್ಲ ಫಾಂಟಿನೊಳಗೆ ಬರೆದಿರುತ್ತವೆ. ಅವನ್ನು ಓದಿ ಜಾರಿಗೆ ತರುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ, ಅದನ್ನು ಮಾಡುವ ಎಂಜಿನ್ ಹಾರ್ಫ್‌ಬಜ್. ಮ್ಯಾಟ್‌ಪ್ಲಾಟ್‌ಲಿಬ್ 3.8 ಅದನ್ನು ಕರೆಯುವುದೇ ಇಲ್ಲ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ಡೀಫಾಲ್ಟ್ ಫಾಂಟ್ ಆದ ಡೇಜಾವು ಸಾನ್ಸ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡ ಬರೆದರೆ ಚೌಕಗಳು ಬೀಳುತ್ತವೆ, ಜೊತೆಗೆ ‘ಕನ್ನಡಕ್ಕೆ ಬೆಂಬಲವಿಲ್ಲ’ ಎಂಬ ಎಚ್ಚರಿಕೆಯೂ ಬರುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಹಾಕಿದರೆ ಚೌಕ ಹೋಗುತ್ತದೆ, ಎಚ್ಚರಿಕೆಯೂ ಹೋಗುತ್ತದೆ. ಎಚ್ಚರಿಕೆ ಬರುವುದು ಆಕೃತಿ ಸಿಗದಿದ್ದಾಗ ಮಾತ್ರ, ಆಕೃತಿಗಳು ತಪ್ಪಾಗಿ ಕೂತಾಗ ಅಲ್ಲ. ಕನ್ನಡ ಓದಲು ಬಾರದ ಕೊಡುಗೆದಾರರು ಪರದೆ ನೋಡಿ ‘ಸರಿಹೋಯಿತು’ ಎಂದು ಇಶ್ಯೂ (ದಾಖಲಾದ ದೂರು) ಮುಚ್ಚುವುದು ಇಲ್ಲಿಯೇ. ಗ್ರಾಫಿನಲ್ಲಿ ಮಾತ್ರ ಳ, ಹಲಂತ, ಇನ್ನೊಂದು ಪೂರ್ಣ ಳ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಒಡೆದ ಅಕ್ಷರವನ್ನು ಶಾಲೆಯ ಗೋಡೆಗೆ ಅಂಟಿಸುವುದಕ್ಕಿಂತ ಚೌಕ ಕಾಣುವುದೇ ಮೇಲು, ಕೆಟ್ಟಿದೆ ಎಂದಾದರೂ ಎಲ್ಲರಿಗೂ ಗೊತ್ತಾಗುತ್ತದೆ.

ಯಾವ ದಾರಿ

ನಾಲ್ಕು ದಾರಿಗಳನ್ನು ತೂಗಿ ನೋಡಬೇಕಿತ್ತು. ಚಿತ್ರವನ್ನು ಗೆರೆಗಳಾಗಿ ಉಳಿಸುವ ಎಸ್‌ವಿಜಿಯಲ್ಲಿ ಅಕ್ಷರವನ್ನು ಅಕ್ಷರವಾಗಿಯೇ ಬಿಡುವ ಸೆಟ್ಟಿಂಗ್ ಇದೆ, ಡೀಫಾಲ್ಟ್ ಆಗಿ ಅದು ಆಕೃತಿಯ ಗೆರೆಗಳನ್ನು ಬರೆಯುತ್ತದೆ. ಅಕ್ಷರವಾಗಿ ಬಿಟ್ಟರೆ ಬ್ರೌಸರ್ ತಾನೇ ಶೇಪಿಂಗ್ ಮಾಡಿ ಚೆನ್ನಾಗಿ ತೋರಿಸುತ್ತದೆ. ಆದರೆ ಜಾಗ ಬಿಟ್ಟದ್ದು ಮ್ಯಾಟ್‌ಪ್ಲಾಟ್‌ಲಿಬ್‌ನ ತಪ್ಪು ಅಳತೆಯ ಪ್ರಕಾರ, ಹಾಗಾಗಿ ಹೆಸರುಗಳ ನಡುವೆ ಅಸಮ ಅಂತರ ಉಳಿಯುತ್ತದೆ. ಪಿಕ್ಸೆಲ್‌ಗಳಾಗಿ ಉಳಿಸುವ ಪಿಎನ್‌ಜಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಪಿಜಿಎಫ್ ಬ್ಯಾಕೆಂಡ್ (ಬ್ಯಾಕೆಂಡ್ ಎಂದರೆ ಚಿತ್ರವನ್ನು ಕೊನೆಗೆ ಫೈಲಾಗಿ ಬರೆಯುವ ಭಾಗ) ಅಕ್ಷರವನ್ನು ಝೀಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶಕ್ಕೆ ಒಪ್ಪಿಸುತ್ತದೆ, ಅಳತೆಯನ್ನೂ ಅದರಿಂದಲೇ ಕೇಳಿ ಪಡೆಯುತ್ತದೆ. ಫಲಿತಾಂಶ ನಿರ್ದೋಷ. ಒಂದು ಪುಸ್ತಕಕ್ಕೆ ಹತ್ತು ಚಿತ್ರ ಬೇಕಾದವರಿಗೆ ಇದೇ ಸಾಕು, ಕೋಡಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಆದರೆ ಶಾಲೆಯ ಕಂಪ್ಯೂಟರಿನಲ್ಲಿ ಲೇಟೆಕ್ ಇನ್‌ಸ್ಟಾಲ್ ಮಾಡಿಸುವುದು ದೊಡ್ಡ ಕೆಲಸ, ವೇಗವೂ ಕಡಿಮೆ. ಎಂಪಿಎಲ್‌ಕೈರೋ ಎಂಬ ಬೇರೆ ಬ್ಯಾಕೆಂಡ್ ರಾಕ್ಮ್ ಲೈಬ್ರರಿಯ ಮೂಲಕ ಶೇಪಿಂಗ್ ಮಾಡಿಸುತ್ತದೆ. ಅದನ್ನು ಬಳಸಬಲ್ಲವರಿಗೆ ಅದು ಒಳ್ಳೆಯ ಆಯ್ಕೆ. ಇಲ್ಲಿ ಅದನ್ನು ಬಿಡಬೇಕಾದದ್ದು ಬೇರೆ ಕಾರಣಕ್ಕೆ: ಅಳತೆ ಬ್ಯಾಕೆಂಡಿನ ಒಳಗೆ ಹುದುಗಿದ್ದರೆ ಚಿತ್ರ ಬರೆಯದೆ ಬರೀ ಅಳತೆಯನ್ನು ಪರೀಕ್ಷಿಸುವುದು ಕಷ್ಟ.

ಉಳಿದದ್ದು ನಾಲ್ಕನೆಯದು. ಹಾರ್ಫ್‌ಬಜ್‌ನ ಪೈಥಾನ್ ರೂಪವಾದ ಯುಹಾರ್ಫ್‌ಬಜ್‌ನಿಂದ ಶೇಪಿಂಗ್ ಮಾಡಿಸಿ, ಸಿಕ್ಕಿದ ಆಕೃತಿಗಳ ಪಟ್ಟಿಯನ್ನು ಒಂದೇ ಕಡೆ ಇಟ್ಟುಕೊಂಡು, ಅಳೆಯುವವರೂ ಬರೆಯುವವರೂ ಅದೇ ಪಟ್ಟಿಯನ್ನು ಓದುವಂತೆ ಮಾಡುವುದು. ಕೋಡಿನ ಹೊಸ ವಿಂಗಡಣೆ ಈ ಒಂದು ತೀರ್ಮಾನದಿಂದ ಹೊರಟಿತು. ಗ್ರಾಫ್ ಲೈಬ್ರರಿಯಲ್ಲಿ ಅಕ್ಷರ ಎಂಬುದು ಕೊನೆಯಲ್ಲಿ ಹಚ್ಚುವ ಅಲಂಕಾರವಲ್ಲ. ಎಷ್ಟು ಜಾಗ ಎಂದು ಅದೇ ಹೇಳಬೇಕು, ಆಮೇಲೆ ಗ್ರಾಫಿಗೆ ಉಳಿದದ್ದು.

ಕೆಲಸದ ಕ್ರಮ

ಮೊದಲು ಈಗ ಇರುವ ನಡವಳಿಕೆಯನ್ನು, ಅದರ ತಪ್ಪುಗಳ ಸಮೇತ, ಪರೀಕ್ಷೆಗಳಲ್ಲಿ ಕಟ್ಟಿಹಾಕಬೇಕು. ಚಿತ್ರಗಳನ್ನು ಹೋಲಿಸುವ ಪರೀಕ್ಷೆಗೆ ಪೈಟೆಸ್ಟ್-ಎಂಪಿಎಲ್ ಇದೆ: ಒಮ್ಮೆ ಮಾದರಿ ಚಿತ್ರ ಉಳಿಸಿಟ್ಟು, ಮುಂದಿನ ಸಲದ ಚಿತ್ರದೊಡನೆ ಪಿಕ್ಸೆಲ್ ವ್ಯತ್ಯಾಸದ ವರ್ಗಸರಾಸರಿ ಮೂಲವನ್ನು ನೋಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ವಂತ ಪರೀಕ್ಷೆಗಳಲ್ಲಿ ಅನೇಕ ಕಡೆ ಅಕ್ಷರಗಳನ್ನು ಅಳಿಸಿ ಹೋಲಿಸುತ್ತಾರೆ, ಯಾಕೆಂದರೆ ಫ್ರೀಟೈಪ್ ಆವೃತ್ತಿ ಬದಲಾದರೆ ಅಕ್ಷರದ ಅಂಚು ಸ್ವಲ್ಪ ಬದಲಾಗಿ ಪರೀಕ್ಷೆ ಸುಮ್ಮನೆ ಸೋಲುತ್ತದೆ. ಇಲ್ಲಿ ಅಕ್ಷರವನ್ನು ಅಳಿಸಿದರೆ ಪರೀಕ್ಷಿಸಬೇಕಾದದ್ದನ್ನೇ ಅಳಿಸಿದಂತೆ. ಆದ್ದರಿಂದ ಪರೀಕ್ಷೆಯನ್ನು ಎರಡಾಗಿ ಒಡೆಯಲಾಯಿತು. ಗೆರೆ, ಕಂಬ, ಬಣ್ಣಕ್ಕೆ ಅಕ್ಷರವಿಲ್ಲದ ಚಿತ್ರಗಳ ಹೋಲಿಕೆ. ಅಕ್ಷರಕ್ಕೆ ಚಿತ್ರವಿಲ್ಲದ ಪರೀಕ್ಷೆ: ಹೆಸರು ಕೊಟ್ಟರೆ ಎಷ್ಟು ಗೊಂಚಲು (ಒಂದು ಅಕ್ಷರವಾಗಿ ಬೆಸೆದ ಆಕೃತಿಗಳ ಗುಂಪು) ಬರಬೇಕು, ಒಟ್ಟು ಅಗಲ ಎಷ್ಟು, ಆಳ ಎಷ್ಟು. ಎಚ್‌ಬಿ-ಶೇಪ್ ಎಂಬ ಆಜ್ಞೆಗೆ ಫಾಂಟ್ ಫೈಲನ್ನೂ ಹೆಸರನ್ನೂ ಕೊಟ್ಟರೆ ಈ ಪಟ್ಟಿ ನೇರ ಸಿಗುತ್ತದೆ, ಕೋಡಿನ ಉತ್ತರವನ್ನು ಅದರೊಡನೆ ತಾಳೆ ನೋಡಬಹುದು. ಆಕೃತಿಗಳ ಕ್ರಮಸಂಖ್ಯೆಯನ್ನು ಪರೀಕ್ಷೆಯಲ್ಲಿ ಬರೆಯಬೇಡಿ, ಫಾಂಟಿನ ಹೊಸ ಆವೃತ್ತಿಯಲ್ಲಿ ಅವು ಬದಲಾಗುತ್ತವೆ. ಫಾಂಟ್ ಫೈಲನ್ನೇ ಪರೀಕ್ಷೆಯ ಜೊತೆ ಇಟ್ಟುಕೊಳ್ಳಬೇಕು. ನೋಟೋದಂಥ ಓಪನ್ ಫಾಂಟ್ ಲೈಸೆನ್ಸಿನ ಫಾಂಟುಗಳಿಗೆ ಅದಕ್ಕೆ ಅಡ್ಡಿಯಿಲ್ಲ.

ಪರೀಕ್ಷೆಯ ಹೆಸರುಗಳ ಪಟ್ಟಿ ಆರಿಸುವಾಗ ತುಳುನಾಡಿನ ತಿಂಗಳುಗಳು ಬಹಳ ಉಪಯೋಗಕ್ಕೆ ಬಂದವು. ಪಗ್ಗುವಿನಲ್ಲಿ ಒತ್ತಕ್ಷರ, ಕಾರ್ತೆಲ್‌ನಲ್ಲಿ ಅರ್ಕಾವೊತ್ತೂ ಕೊನೆಯ ಹಲಂತವೂ, ಬೊಂತೆಲ್‌ನಲ್ಲಿ ಓತ್ವವೂ ಸೊನ್ನೆಯೂ, ಆಟಿಯಲ್ಲಿ ಗುಡಿಸು. ಅಡಿಕೆಯ ದರ್ಜೆಗಳಿಂದ ಉಳ್ಳಿಗಡ್ಡೆ, ಪಟೋರ, ಡಬ್ಬಲ್ ಚೋಲ್ ಸೇರಿದವು. ಗ್ರಾಫಿನಲ್ಲಿ ನಿಜವಾಗಿ ಬರುವ ಹೆಸರುಗಳೇ ಪರೀಕ್ಷೆಯಲ್ಲಿದ್ದರೆ ಸೋತಾಗ ಎಲ್ಲಿ ಸೋತಿತು ಎಂದು ಓದುವವರಿಗೆ ಕೂಡಲೇ ತಿಳಿಯುತ್ತದೆ.

ಎರಡನೆಯ ಹಂತದಲ್ಲಿ ಪೈಪ್ಲಾಟ್ ತೆಗೆದದ್ದು. ಫಂಕ್ಷನ್ ಆಕ್ಸಿಸ್ ವಸ್ತುವೊಂದನ್ನು ಪಡೆದು ಅದರ ಮೇಲೆ ಬರೆದು ಮರಳಿ ಕೊಡುತ್ತದೆ, ಕೊಡದಿದ್ದರೆ ಮಾತ್ರ ಹೊಸ ಫಿಗರ್ ಮಾಡುತ್ತದೆ. ಆರ್‌ಸಿಪ್ಯಾರಮ್ಸ್ ಬದಲಾವಣೆಗಳನ್ನು ಆರ್‌ಸಿ ಕಾಂಟೆಕ್ಸ್ಟ್‌ನ ಒಳಗೆ ಹಾಕಲಾಯಿತು, ಕೆಲಸ ಮುಗಿದ ಕೂಡಲೇ ಹಳೆಯ ಸ್ಥಿತಿ ಮರಳುತ್ತದೆ. ಒಂದು ಸೂಕ್ಷ್ಮವಿದೆ: ಕೆಲವು ಸೆಟ್ಟಿಂಗ್‌ಗಳನ್ನು ಓದುವುದು ವಸ್ತು ಹುಟ್ಟುವಾಗ, ಕೆಲವನ್ನು ಚಿತ್ರ ಉಳಿಸುವಾಗ. ಎಸ್‌ವಿಜಿಯ ಅಕ್ಷರದ ಸೆಟ್ಟಿಂಗ್ ಎರಡನೆಯ ಬಗೆಯದು. ಉಳಿಸುವ ಆಜ್ಞೆಯೂ ಕಾಂಟೆಕ್ಸ್ಟ್‌ನ ಒಳಗಿರದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದಾಗಿ ಡೇಟಾ ನಿಯಮಗಳನ್ನು ಬೇರೆ ಮಾಡ್ಯೂಲಿಗೆ ಸಾಗಿಸಿದ್ದು. ಇದು ಸಲೀಸು. ಖಾಲಿ ದಿನ ಈಗ ಖಾಲಿಯಾಗಿಯೇ ಉಳಿದು ಗೆರೆ ಅಲ್ಲಿ ಕಡಿಯುತ್ತದೆ. 2.5 ಮಿ.ಮೀ. ಮತ್ತು ಮೇಲಿದ್ದರೆ ಮಳೆ ದಿನ, 64.5ರಿಂದ ಭಾರೀ, 115.6ರಿಂದ ಅತಿ ಭಾರೀ, 204.5ರಿಂದ ಅತ್ಯಧಿಕ ಎಂಬ ಹವಾಮಾನ ಇಲಾಖೆಯ ಮಿತಿಗಳು ಒಂದೇ ಪಟ್ಟಿಯಲ್ಲಿವೆ. ಬಣ್ಣ ಆರಿಸುವ ಕೋಡ್ ಆ ಪಟ್ಟಿಯನ್ನು ಓದುತ್ತದೆ, ಸಂಖ್ಯೆಗಳನ್ನು ತಾನು ಇಟ್ಟುಕೊಂಡಿಲ್ಲ.

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ವಿಷಯದಲ್ಲಿ ಒಂದು ಶಿಸ್ತು ಕಾಪಾಡಬೇಕು. ಕೋಡನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ಸಾಗಿಸುವ ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸಿದ ಬದಲಾವಣೆ) ಒಂದಕ್ಷರವೂ ಬದಲಾಗಬಾರದು, ಬದಲಾಯಿಸುವ ಕಮಿಟ್‌ನಲ್ಲಿ ಏನನ್ನೂ ಸಾಗಿಸಬಾರದು. ಎರಡೂ ಬೆರೆತರೆ ಮುಂದೆ ಬೈಸೆಕ್ಟ್ ಮಾಡಿ, ಅಂದರೆ ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ, ತಪ್ಪು ಹುಡುಕುವವರಿಗೆ ನೂರಾರು ಸಾಲಿನ ಕಮಿಟ್ ಒಂದು ಸಿಗುತ್ತದೆ, ಕಾರಣ ಸಿಗುವುದಿಲ್ಲ. ಕೋಡಿನ ಅಂದವನ್ನಷ್ಟೇ ಸರಿಮಾಡುವ ಫಾರ್ಮ್ಯಾಟರ್ ಓಡಿಸಿದ ಕಮಿಟ್‌ಗಳನ್ನು, ಯಾವ ಸಾಲು ಯಾವ ಕಮಿಟ್‌ನಲ್ಲಿ ಬದಲಾಯಿತೆಂದು ಹೇಳುವ ಬ್ಲೇಮ್ ಕಡೆಗಣಿಸುವ ಪಟ್ಟಿಗೆ ಸೇರಿಸಬೇಕು.

ಆಮೇಲೆ ಮುಖ್ಯ ಕೆಲಸ. ಅಕ್ಷರದ ಮಾಡ್ಯೂಲ್ ಹೆಸರನ್ನೂ ಫಾಂಟುಗಳ ಪಟ್ಟಿಯನ್ನೂ ಪಡೆದು ಆಕೃತಿಗಳ ಪಟ್ಟಿ ಕೊಡುತ್ತದೆ: ಯಾವ ಫಾಂಟಿನ ಯಾವ ಆಕೃತಿ, ಎಷ್ಟು ಮುಂದೆ ಸರಿಯಬೇಕು, ಅಡ್ಡಕ್ಕೂ ಉದ್ದಕ್ಕೂ ಎಷ್ಟು ಜರುಗಬೇಕು. ಎಲ್ಲವೂ ಫಾಂಟಿನ ಮೂಲಮಾನದಲ್ಲಿ, ಪಾಯಿಂಟಿನಲ್ಲೂ ಅಲ್ಲ, ಪಿಕ್ಸೆಲಿನಲ್ಲೂ ಅಲ್ಲ. ಹಾಗಾಗಿ ಒಂದೇ ಹೆಸರು 8 ಪಾಯಿಂಟಿಗೂ 14 ಪಾಯಿಂಟಿಗೂ ಒಮ್ಮೆ ಶೇಪ್ ಮಾಡಿದರೆ ಸಾಕು, ಗಾತ್ರಕ್ಕೆ ತಕ್ಕಂತೆ ಗುಣಿಸಿಕೊಳ್ಳಬಹುದು. ಸಮಯ ತಿನ್ನುವುದು ಶೇಪಿಂಗ್ ಅಲ್ಲ, ಫಾಂಟ್ ಫೈಲನ್ನು ಪದೇ ಪದೇ ತೆರೆಯುವುದು. ಫಾಂಟ್ ವಸ್ತುವನ್ನು ಒಮ್ಮೆ ಮಾಡಿ ಉಳಿಸಿಕೊಳ್ಳಬೇಕು.

ಈ ಪಟ್ಟಿಯನ್ನು ಮ್ಯಾಟ್‌ಪ್ಲಾಟ್‌ಲಿಬ್‌ನೊಳಕ್ಕೆ ಎಲ್ಲಿ ಸೇರಿಸುವುದು ಎಂಬುದು ಮುಂದಿನ ಪ್ರಶ್ನೆ. ಟೆಕ್ಸ್ಟ್ ಎಂಬ ಕ್ಲಾಸನ್ನು ಬದಲಾಯಿಸುವುದು ಸಹಜವೆನಿಸುತ್ತದೆ, ಆದರೆ ಅಕ್ಷದ ಮೇಲಿನ ಟಿಕ್ (ಅಳತೆಯ ಗುರುತು) ಹೆಸರುಗಳನ್ನು ಟಿಕ್ ವಸ್ತುಗಳು ತಾವೇ ಹುಟ್ಟಿಸುತ್ತವೆ, ಬೇಕಾದಾಗ ಹೊಸದನ್ನು ಮಾಡಿಕೊಳ್ಳುತ್ತವೆ. ಅವುಗಳ ಬೆನ್ನು ಹತ್ತುವುದು ವ್ಯರ್ಥ. ಚಿತ್ರ ಬಿಡಿಸುವ ರೆಂಡರರ್ ಹಂತದಲ್ಲಿ ಹಿಡಿದರೆ ಎಲ್ಲ ಅಕ್ಷರವೂ ಆ ದಾರಿಯಲ್ಲೇ ಬರಬೇಕು: ಶೀರ್ಷಿಕೆ, ಟಿಕ್, ಸೂಚಿಪಟ್ಟಿ, ಟಿಪ್ಪಣಿ. ಅಲ್ಲಿ ಬರೆಯಬೇಕಾದ ಮೆಥಡ್ ಎರಡೇ, ಒಂದು ಅಗಲ-ಎತ್ತರ-ಆಳ ಹೇಳುವುದು, ಇನ್ನೊಂದು ಅಕ್ಷರ ಬಿಡಿಸುವುದು. ಈ ಎರಡನ್ನು ಬೇರೆ ಕ್ಲಾಸುಗಳಿಗೆ ಬೆರೆಸಬಹುದಾದ ಒಂದು ಮಿಕ್ಸಿನ್ ಕ್ಲಾಸಿನಲ್ಲಿ ಬರೆದು ಆಗ್ (ಪಿಎನ್‌ಜಿ ಬರೆಯುವುದು), ಎಸ್‌ವಿಜಿ, ಪಿಡಿಎಫ್ ಮೂರೂ ರೆಂಡರರ್‌ಗಳ ಮುಂದೆ ಜೋಡಿಸಲಾಯಿತು. ಗಣಿತ ಸೂತ್ರವಿರುವ ಸಾಲು ಬಂದರೆ ಮಿಕ್ಸಿನ್ ಅದನ್ನು ಮುಟ್ಟದೆ ಮೂಲಕ್ಕೆ ಬಿಟ್ಟುಕೊಡುತ್ತದೆ. ಹೊಸ ಬ್ಯಾಕೆಂಡನ್ನು ಎಲ್ಲರಿಗೂ ರಿಜಿಸ್ಟರ್ ಮಾಡದೆ, ಚಿತ್ರ ಉಳಿಸುವ ಸೇವ್‌ಫಿಗ್‌ಗೆ ಬ್ಯಾಕೆಂಡ್ ಎಂಬ ಆಪ್ಷನ್ನಿನಲ್ಲಿ ಹೆಸರಿಸಿದರೆ ಬೇರೆಯವರ ಗ್ರಾಫುಗಳಿಗೆ ತಾಗುವುದಿಲ್ಲ. 0.6, 0.55, 0.48 ಎಲ್ಲವೂ ಆ ದಿನವೇ ಕೋಡಿನಿಂದ ಹೋದವು, ಜಾಗ ಬಿಡುವ ಕೆಲಸವನ್ನು ಮ್ಯಾಟ್‌ಪ್ಲಾಟ್‌ಲಿಬ್‌ನ ಕನ್‌ಸ್ಟ್ರೇನ್ಡ್ ಲೇಔಟ್ ವಹಿಸಿಕೊಂಡಿತು.

ತೊಡಕುಗಳು

ಹಾರ್ಫ್‌ಬಜ್‌ಗೆ ಯಾವ ಲಿಪಿ ಎಂದು ಹೇಳದಿದ್ದರೆ ಊಹಿಸುವಂತೆ ಕೇಳಬಹುದು. ಅದು ಸಾಲಿನಲ್ಲಿ ಮೊದಲು ಸಿಗುವ ಲಿಪಿಯುಳ್ಳ ಅಕ್ಷರವನ್ನು ನೋಡಿ ಇಡೀ ಸಾಲು ಅದೇ ಲಿಪಿ ಎಂದುಕೊಳ್ಳುತ್ತದೆ. ಅಂಕಿಗಳಿಗೆ ಸ್ವಂತ ಲಿಪಿಯಿಲ್ಲದ್ದರಿಂದ ‘2024ರ ಮಳೆ’ ಸರಿಯಾಗಿ ಬರುತ್ತದೆ. ಆದರೆ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ ಇಂಗ್ಲಿಷ್ ಸಂಕ್ಷೇಪದಿಂದ ಶುರುವಾಗುವ ಶೀರ್ಷಿಕೆಯಲ್ಲಿ ಮುಂದಿನ ಕನ್ನಡವೆಲ್ಲ ಒಡೆಯುತ್ತದೆ. ಕನ್ನಡ-ಮಲಯಾಳ ಬೆರೆತ ಸಾಲಿನಲ್ಲಿ ಎರಡನೆಯ ಲಿಪಿ ಒಡೆಯುತ್ತದೆ. ಶೇಪಿಂಗ್‌ಗೆ ಮೊದಲು ಸಾಲನ್ನು ಲಿಪಿಯ ಪ್ರಕಾರ ತುಂಡು ಮಾಡಲೇಬೇಕು. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಲಿಪಿಯ ಮಾಹಿತಿ ಇಲ್ಲ, ಹಾಗಾಗಿ ಸಂಕೇತದ ವ್ಯಾಪ್ತಿ ನೋಡಬೇಕು: ದಶಮಾನದಲ್ಲಿ ಕನ್ನಡ 3200ರಿಂದ 3327, ಅದರ ಬೆನ್ನಿಗೇ ಮಲಯಾಳ 3328ರಿಂದ 3455. ಖಾಲಿ ಜಾಗ, ಅಂಕಿ, ವಿರಾಮ ಚಿಹ್ನೆ ಮತ್ತು 8204 (ಅಕ್ಷರ ಬೆಸೆಯದಂತೆ ತಡೆಯುವುದು), 8205 (ಬೆಸೆಯುವಂತೆ ಹೇಳುವುದು) ಎಂಬ ಎರಡು ಕಾಣದ ಸಂಕೇತಗಳು ಹಿಂದಿನ ತುಂಡಿಗೆ ಸೇರಬೇಕು. ಆ ಎರಡನ್ನು ಬೇರೆ ತುಂಡಾಗಿ ಕತ್ತರಿಸಿದರೆ ಅವುಗಳ ಕೆಲಸವೇ ನಿಂತುಹೋಗುತ್ತದೆ.

ಫಾಂಟಿನಲ್ಲಿ ಇಲ್ಲದ ಆಕೃತಿ ಇನ್ನೊಂದು ತೊಡಕು. ಮ್ಯಾಟ್‌ಪ್ಲಾಟ್‌ಲಿಬ್ 3.6ರಿಂದ ಫಾಂಟುಗಳ ಪಟ್ಟಿ ಕೊಟ್ಟರೆ ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತರುತ್ತದೆ, ಆದರೆ ಸ್ವಂತ ಶೇಪಿಂಗ್‌ಗೆ ಇಳಿದವರು ಅದನ್ನು ತಾವೇ ಮಾಡಿಕೊಳ್ಳಬೇಕು. ಶೇಪಿಂಗ್ ಆದ ಮೇಲೆ ಕ್ರಮಸಂಖ್ಯೆ ಸೊನ್ನೆ ಇರುವ ಆಕೃತಿ ಸಿಕ್ಕಿದರೆ ಆ ಗೊಂಚಲನ್ನಷ್ಟೇ ಮುಂದಿನ ಫಾಂಟಿನಲ್ಲಿ ಮರಳಿ ಶೇಪ್ ಮಾಡಬೇಕು. ರೂಪಾಯಿ ಚಿಹ್ನೆ ಹಳೆಯ ಕನ್ನಡ ಫಾಂಟುಗಳಲ್ಲಿ ಇರುವುದಿಲ್ಲ, ಅದು ಯುನಿಕೋಡಿಗೆ ಬಂದದ್ದೇ 2010ರಲ್ಲಿ. ಋಣ ಚಿಹ್ನೆಗೆ ಮ್ಯಾಟ್‌ಪ್ಲಾಟ್‌ಲಿಬ್ ಕೀಬೋರ್ಡಿನ ಅಡ್ಡಗೆರೆಯ ಬದಲು 8722 ಎಂಬ ಬೇರೆ ಸಂಕೇತ ಬಳಸುತ್ತದೆ. ವಾಡಿಕೆ ಮಳೆಗಿಂತ ಎಷ್ಟು ಕಡಿಮೆ ಎಂದು ತೋರಿಸುವ ಗ್ರಾಫಿನಲ್ಲಿ ಪ್ರತಿ ಅಂಕಿಯ ಹಿಂದೆ ಚೌಕ ಬೀಳುವುದು ಇದರಿಂದ.

ಹೆಸರುಗಳ ತಾಳೆಯ ತೊಡಕು ಈ ಪ್ರದೇಶದಲ್ಲಿ ವಿಶೇಷವಾಗಿ ಕಾಡುತ್ತದೆ. ಪಟೋರ ಎಂಬುದರ ಓಕಾರ 3275 ಎಂಬ ಒಂದೇ ಸಂಕೇತವಾಗಿಯೂ ಇರಬಹುದು, 3270, 3266, 3285 ಎಂಬ ಮೂರು ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ. ಎರಡು ಬೇರೆ ಸಾಧನಗಳಲ್ಲಿ ಟೈಪ್ ಮಾಡಿದ ಫೈಲುಗಳನ್ನು ಸೇರಿಸಿದಾಗ ಸೂಚಿಪಟ್ಟಿಯಲ್ಲಿ ಪಟೋರ ಎರಡು ಸಲ, ಎರಡು ಬಣ್ಣದಲ್ಲಿ ಬರುತ್ತದೆ. ಡೇಟಾ ಓದುವಾಗಲೇ ಎನ್‌ಎಫ್‌ಸಿ ಎಂಬ ಯುನಿಕೋಡಿನ ಏಕರೂಪಕ್ಕೆ ತಂದರೆ ಇದು ಮುಗಿಯಿತು. ಡಬ್ಬಲ್‌ಚೋಲ್ ಎಂದು ಸೇರಿಸಿ ಬರೆಯುವವರು ಲ್ ಆದ ಮೇಲೆ 8204ನ್ನು ಹಾಕಿರಲೂಬಹುದು, ಬಿಟ್ಟಿರಲೂಬಹುದು. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ತಾಳೆ ನೋಡುವ ಕೀಲಿಯಿಂದ ಅದನ್ನು ತೆಗೆಯಬೇಕು, ತೋರಿಸುವ ಹೆಸರಿನಲ್ಲಿ ಉಳಿಸಬೇಕು, ಇಲ್ಲದಿದ್ದರೆ ಚೋ ಹೋಗಿ ಲದ ಕೆಳಗೆ ಒತ್ತಾಗಿ ಕೂರುತ್ತದೆ.

ಇದೇ ನಿಯಮವನ್ನು ಮಲಯಾಳಕ್ಕೆ ಕಣ್ಣು ಮುಚ್ಚಿ ಹಾಕಿದರೆ ಕೆಡುತ್ತದೆ. ಮಲಯಾಳದ ಚಿಲ್ಲು (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪ) ಅಕ್ಷರಗಳಿಗೆ 2008ರಲ್ಲಿ ಬಂದ ಯುನಿಕೋಡ್ 5.1ರಲ್ಲಿ ಸ್ವಂತ ಸಂಕೇತಗಳು ಸಿಕ್ಕಿದವು. ಅದಕ್ಕೂ ಮೊದಲು ವ್ಯಂಜನ, ಹಲಂತ, 8205 ಮೂರನ್ನೂ ಸೇರಿಸಿ ಬರೆಯುತ್ತಿದ್ದರು, ಆ ಫೈಲುಗಳು ಇನ್ನೂ ಬಳಕೆಯಲ್ಲಿವೆ. ಎನ್‌ಎಫ್‌ಸಿ ಇವೆರಡನ್ನು ಒಂದು ಮಾಡುವುದಿಲ್ಲ. 8205ನ್ನು ಕಿತ್ತರೆ ಚಿಲ್ಲು ಹೋಗಿ ಬರೀ ಹಲಂತ ಉಳಿಯುತ್ತದೆ, ಹೆಸರು ತಾಳೆಯಾಗುವುದಿಲ್ಲ. ಮೊದಲು ಹಳೆಯ ಚಿಲ್ಲನ್ನು ಹೊಸ ಸಂಕೇತಕ್ಕೆ ಬದಲಿಸಿ, ಆಮೇಲೆ ಕಾಣದ ಸಂಕೇತ ತೆಗೆಯಬೇಕು. ಕ್ರಮ ತಪ್ಪಬಾರದು.

ಅಳತೆಯನ್ನು ಪಿಕ್ಸೆಲಿಗೆ ತರುವಲ್ಲಿ ಇಂಚಿಗೆ 100 ಪಿಕ್ಸೆಲ್ ಎಂದುಕೊಂಡು 100ನ್ನು 72ರಿಂದ ಭಾಗಿಸಿ ನೇರ ಬರೆದರೆ ಪಿಎನ್‌ಜಿ ಸರಿಯಾಗಿ ಬರುತ್ತದೆ, ಎಸ್‌ವಿಜಿ ಮತ್ತು ಪಿಡಿಎಫ್‌ನಲ್ಲಿ ಅಕ್ಷರ ಸುಮಾರು 39 ಪ್ರತಿಶತ ದೊಡ್ಡದಾಗುತ್ತದೆ. ಅವು ಒಳಗೆ ಇಂಚಿಗೆ 72ರ ಲೆಕ್ಕದಲ್ಲಿ ಬರೆಯುತ್ತವೆ. ಪಾಯಿಂಟನ್ನು ಪಿಕ್ಸೆಲಿಗೆ ತರುವ ರೆಂಡರರ್‌ನ ಮೆಥಡನ್ನೇ ಕರೆಯಬೇಕು.

ಆಕೃತಿಯನ್ನು ಗೆರೆಯಾಗಿ ಬಿಡಿಸುವುದರಿಂದ ಎರಡು ನಷ್ಟಗಳಿವೆ. ಹಿಂಟಿಂಗ್ (ಅಕ್ಷರದ ಗೆರೆಗಳನ್ನು ಪಿಕ್ಸೆಲಿಗೆ ಹೊಂದಿಸುವುದು) ಇಲ್ಲದ್ದರಿಂದ 100 ಡಿಪಿಐಯಲ್ಲಿ (ಇಂಚಿಗೆ 100 ಚುಕ್ಕೆ) ಸಣ್ಣ ಅಕ್ಷರ ಮಸುಕಾಗಿ ದಪ್ಪಗೆ ಕಾಣುತ್ತದೆ, ಒತ್ತುಗಳು ಮುದ್ದೆಯಾಗುತ್ತವೆ. ಉಳಿಸುವಾಗ 200 ಡಿಪಿಐಗಿಂತ ಕಡಿಮೆ ಇಡದಿರುವುದೇ ಸರಳ ಪರಿಹಾರ. ಎರಡನೆಯದು ದೊಡ್ಡದು: ಗೆರೆಯಾದ ಅಕ್ಷರವನ್ನು ಹುಡುಕಲಾಗದು, ನಕಲು ಮಾಡಲಾಗದು, ಪರದೆ ಓದುವ ತಂತ್ರಾಂಶಕ್ಕೂ ಸಿಗದು. ಆದ್ದರಿಂದ ಎಸ್‌ವಿಜಿಯಲ್ಲಿ ಅಳತೆಯನ್ನು ಹಾರ್ಫ್‌ಬಜ್‌ನಿಂದ ಪಡೆದು ಅಕ್ಷರವನ್ನು ಅಕ್ಷರವಾಗಿಯೇ ಬರೆಯುವ ಆಪ್ಷನ್ ಕೊಡಲಾಯಿತು. ನೋಡುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇದ್ದರೆ ಜಾಗ ಕರಾರುವಾಕ್ಕಾಗಿ ಹೊಂದುತ್ತದೆ. ಪಿಡಿಎಫ್‌ನಲ್ಲಿ ಈ ನಷ್ಟ ಹಾಗೆಯೇ ಉಳಿದಿದೆ.

ಟಿಕ್ ಹೆಸರುಗಳನ್ನು 90 ಡಿಗ್ರಿ ತಿರುಗಿಸುವ ಹಳೆಯ ಆಪ್ಷನ್ನನ್ನು ಉಳಿಸಿಕೊಂಡರೂ ಡೀಫಾಲ್ಟ್ ಆಗಿ ತೆಗೆದದ್ದು ಸರಿಯಾದ ತೀರ್ಮಾನ. ಕುತ್ತಿಗೆ ಓರೆ ಮಾಡಿ ಇಂಗ್ಲಿಷ್ ಓದಬಹುದು, ಒತ್ತಕ್ಷರ ಓದುವುದು ಕಷ್ಟ. ಊರುಗಳ ಹೆಸರು ಹೆಚ್ಚಿದ್ದರೆ ಕಂಬಗಳನ್ನೇ ಅಡ್ಡ ಮಲಗಿಸಬೇಕು.

ಹಳೆಯ ಬಳಕೆದಾರರು

ಹಳೆಯ ಮುಖ್ಯ ಫಂಕ್ಷನ್ನನ್ನು ಕಿತ್ತುಹಾಕಲಿಲ್ಲ. ಅದು ಈಗ ಹಳೆಯ ಆಪ್ಷನ್‌ಗಳನ್ನು ಹೊಸ ಸೆಟ್ಟಿಂಗ್ ವಸ್ತುವಾಗಿ ಬದಲಿಸಿ ಹೊಸ ಕೋಡಿಗೆ ದಾಟಿಸುವ ತೆಳು ಪದರ. ಎಚ್ಚರಿಕೆ ಕೊಡುವಾಗ ಪೈಥಾನ್‌ನ ಡೆಪ್ರಿಕೇಶನ್ ವಾರ್ನಿಂಗ್ ಬಳಸಿದರೆ, ಕರೆ ಬಳಕೆದಾರರ ಮುಖ್ಯ ಫೈಲಿನಿಂದ ನೇರ ಬರದಿದ್ದಲ್ಲಿ ಅದು ಕಾಣುವುದೇ ಇಲ್ಲ. ಇಲ್ಲಿನ ಬಳಕೆದಾರರು ಯಾರೋ ಬರೆದುಕೊಟ್ಟ ಸ್ಕ್ರಿಪ್ಟನ್ನು ಓಡಿಸುವ ಶಿಕ್ಷಕರು, ಕೃಷಿಕರು. ಅವರಿಗೆ ಕಾಣುವಂತೆ ಫ್ಯೂಚರ್ ವಾರ್ನಿಂಗ್ ಬಳಸಿ, ಎಚ್ಚರಿಕೆ ಕರೆದವರ ಸಾಲನ್ನೇ ತೋರಿಸುವಂತೆ ಸ್ಟ್ಯಾಕ್‌ಲೆವೆಲ್ 2 ಕೊಟ್ಟು, ಹಳೆಯ ಆಪ್ಷನ್ ಹೆಸರೂ ಅದರ ಬದಲಿಗೆ ಬರೆಯಬೇಕಾದ ಪೂರ್ಣ ಸಾಲೂ ಕನ್ನಡದಲ್ಲೇ ಬರುವಂತೆ ಮಾಡಲಾಯಿತು. ಖಾಲಿ ದಿನಕ್ಕೆ ಸೊನ್ನೆ ತುಂಬುವ ನಡವಳಿಕೆಯನ್ನು ಮಾತ್ರ ಹಳೆಯ ಪದರದಲ್ಲೂ ಉಳಿಸಲಿಲ್ಲ. ಅದು ರುಚಿಯ ಪ್ರಶ್ನೆಯಲ್ಲ, ಸುಳ್ಳು ಅಂಕಿ. ಆವೃತ್ತಿ ಸಂಖ್ಯೆಯ ಮೊದಲ ಅಂಕಿಯನ್ನು ಏರಿಸಿ, ಬಿಡುಗಡೆ ಟಿಪ್ಪಣಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಲಾಯಿತು.

ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಯನ್ನು ಸದ್ಯಕ್ಕೆ 3.8ಕ್ಕೆ ಕಟ್ಟಿಹಾಕಲಾಗಿದೆ, ಯಾಕೆಂದರೆ ರೆಂಡರರ್‌ನ ಆ ಎರಡು ಮೆಥಡ್‌ಗಳ ಮೇಲೆ ಇಡೀ ಜೋಡಣೆ ನಿಂತಿದೆ. ಆವೃತ್ತಿ ಏರಿಸುವವರು ಮೊದಲು ಮಿಕ್ಸಿನ್ ತೆಗೆದು ಅಕ್ಷರದ ಪರೀಕ್ಷೆಗಳನ್ನಷ್ಟೇ ಓಡಿಸಿ ನೋಡಬೇಕು. ಮುಳ್ಳೇರಿಯ ನಾಲ್ಕು ಗೊಂಚಲಾಗಿಯೂ ಪೆರ್ಲ ಎರಡಾಗಿಯೂ ಅಗಲ ಸಮೇತ ಪಾಸಾದರೆ ಮಿಕ್ಸಿನ್ ಇನ್ನು ಬೇಕಿಲ್ಲ, ಅಳಿಸಬಹುದು. ಲಿಪಿಯ ತುಂಡು ಮಾಡುವುದು, ಚಿಲ್ಲು ಬದಲಿಸುವುದು, ಎನ್‌ಎಫ್‌ಸಿ ಇವೆಲ್ಲ ಬೇರೆ ಮಾಡ್ಯೂಲುಗಳಲ್ಲಿವೆ. ಅವನ್ನು ಮುಟ್ಟುವ ಅಗತ್ಯ ಬರುವುದಿಲ್ಲ.